ಹೈಡ್ರಾಲಿಕ್ ರಿಪೇರಿ: ಎಲ್ಲಿವರೆಗೆ ನಮ್ಮದು?

ಹೆಸರು ಬಿತ್ತುವ ಹದ ಬಂದ ದಿನವೇ ನನ್ನ ಹಳೇ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟಿತು. ಕೂರಿಗೆ ಅರ್ಧ ಎದ್ದು ನಿಂತುಬಿಡುತ್ತಿತ್ತು, ಒಳಗಿನಿಂದ ಕುಂಯ್ ಎಂಬ ಸದ್ದು. ಕುರ್ತಕೋಟಿಯ ಎರೆ ಹೊಲ ಬಲ್ಲವರಿಗೆ ಇದರ ಕಷ್ಟ ಹೇಳಬೇಕಿಲ್ಲ. ಮಳೆಯ ಮರುದಿನ ಹೊಲಕ್ಕೆ ಇಳಿದರೆ ಗಾಲಿ ಹೂಳುತ್ತದೆ. ನಾಲ್ಕು ದಿನ ತಡೆದರೆ ಮೇಲ್ಮಣ್ಣು ಒಣಗುತ್ತದೆ. ನಡುವೆ ಸಿಗುವ ಎರಡು ಮೂರು ದಿನವೇ ಬಿತ್ತನೆ.

ಮಿಸ್ತ್ರಿಗೆ ಫೋನ್ ಮಾಡಿದೆ. ಬಂದು ಒಂದು ಸಲ ಎತ್ತಿಸಿ ನೋಡಿದವನೇ, "ಪಂಪ್ ಹೋಗೇತ್ರಿ ಅಣ್ಣಾರ. ಹೊಸಾದು ತರಸಬೇಕು, ಎಂಟು ದಿನ ಆಕ್ಕೇತಿ" ಅಂದ. ಬಗ್ಗಲಿನ ಹೊಲದವರ ಎತ್ತು ಬೇಡಿ ಅರ್ಧ ಹೊಲ ಬಿತ್ತಿದೆ. ಉಳಿದರ್ಧಕ್ಕೆ ಹದ ಹೋಯಿತು. ಆ ಅರ್ಧದಲ್ಲಿ ಬಂದ ಹೆಸರು ಬೀಜದ ಖರ್ಚಿಗೂ ಸಾಲಲಿಲ್ಲ.

ಪಂಪು ತರಿಸುವ ಮೊದಲು ಒಂದು ಭಾನುವಾರ ಹಳೇ ಆಯಿಲ್ ಇಳಿಸಿದೆ. ಹಾಲು ಹಾಕಿದ ಚಹಾದಂತೆ ಬೆಳ್ಳಗೆ ಬಂತು. ನೀರು ಬೆರೆತಿತ್ತು. ಆಯಿಲ್ ಹೀರುವ ಬಾಯಿಯ ಜಾಳಿಗೆಯನ್ನು ಬಿಚ್ಚಿದರೆ ಕರಿ ಹಿಟ್ಟು ಮೆತ್ತಿದ ಹಾಗೆ ಜಿಡ್ಡು. ಪಂಪಿಗೆ ಆಯಿಲೇ ಸಿಗುತ್ತಿರಲಿಲ್ಲ, ಎತ್ತುವುದು ಹೇಗೆ? ಜಾಳಿಗೆ ತೊಳೆದು, ಹೊಸ ಆಯಿಲ್ ಹಾಕಿದ ಮೇಲೆ ಅದೇ ಹಳೇ ಪಂಪು ಇಂದಿಗೂ ಕೆಲಸ ಮಾಡುತ್ತಿದೆ. ನೀರು ಹೋಗಿದ್ದು ಗೇರ್ ಲಿವರಿನ ಬುಡದ ಹರಿದ ರಬ್ಬರಿನಿಂದ. ಮಳೆಯಲ್ಲಿ ಟ್ರ್ಯಾಕ್ಟರನ್ನು ಬಯಲಲ್ಲೇ ನಿಲ್ಲಿಸುತ್ತಿದ್ದವನು ನಾನೇ. ಮಿಸ್ತ್ರಿಯ ತಪ್ಪು ಎಷ್ಟೋ, ನನ್ನದೂ ಅಷ್ಟೇ.

ಈ ಅನುಭವದ ಮೇಲೆ ಹೇಳುತ್ತಿದ್ದೇನೆ. "ಹೈಡ್ರಾಲಿಕ್ ಅಂದರ ನಮ್ಮ ಕೈಯಾಗಿಂದಲ್ಲ" ಅನ್ನುವ ಮಾತು ನಾವು ಬಿಡಬೇಕು. ಹಾಗಂತ ಎಲ್ಲವನ್ನೂ ಬಿಚ್ಚಿ ಹರಡುವ ಹುಂಬತನವೂ ಬೇಡ. ಎಲ್ಲಿವರೆಗೆ ನಮ್ಮದು ಎಂಬ ಗೆರೆ ಎಳೆದುಕೊಳ್ಳಬೇಕು.

ಕಾರಿನವರಿಂದ ಒಂದು ಪಾಠ

ಫ್ರಾನ್ಸಿನ ಸಿಟ್ರೋಯನ್ ಕಂಪನಿ 1955ರಲ್ಲಿ ಡಿಎಸ್ ಎಂಬ ಕಾರು ತಂದಿತು. ಅದಕ್ಕೆ ಸ್ಪ್ರಿಂಗ್ ಪಟ್ಟಿಗಳಿರಲಿಲ್ಲ. ಪ್ರತಿ ಗಾಲಿಗೆ ಒಂದು ಕಬ್ಬಿಣದ ಗುಂಡು. ಗುಂಡಿನೊಳಗೆ ರಬ್ಬರಿನ ಪರದೆ. ಪರದೆಯ ಒಂದು ಕಡೆ ನೈಟ್ರೋಜನ್ ಗಾಳಿ, ಇನ್ನೊಂದು ಕಡೆ ಆಯಿಲ್. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಭಾರ ಹೊರುವುದು ಆಯಿಲ್, ಸ್ಪ್ರಿಂಗಿನಂತೆ ತೂಗುವುದು ಗಾಳಿ. ಇದೇ ಹೈಡ್ರೋನ್ಯುಮ್ಯಾಟಿಕ್ ಸಸ್ಪೆನ್ಷನ್.

ಇಂಥ ಕಾರು ಹಳತಾದರೆ ಗುಜರಿಗೇ ಅಂತ ಯಾರಿಗಾದರೂ ಅನಿಸೀತು. ಹಾಗಾಗಿಲ್ಲ. ಅರವತ್ತು ವರ್ಷ ದಾಟಿದ ಡಿಎಸ್‌ಗಳು ಇನ್ನೂ ಓಡುತ್ತಿವೆ. ಅವುಗಳ ಧಣಿಗಳು ಮನೆಯಂಗಳದಲ್ಲೇ ನೋಡಿಕೊಳ್ಳುತ್ತಾರೆ. ಮೊದಲು ಒಂದು ಸ್ಕ್ರೂ ಸಡಿಲಿಸಿ ಒಳಗಿನ ಒತ್ತಡ ಇಳಿಸುತ್ತಾರೆ. ಆಮೇಲೆ ಗಾಳಿ ಕಡಿಮೆಯಾದ ಗುಂಡನ್ನು ಆಯಿಲ್ ಫಿಲ್ಟರ್ ತಿರುಗಿಸಿದಂತೆ ತಿರುಗಿಸಿ ತೆಗೆದು, ಬೇರೆಯದು ಹಾಕುತ್ತಾರೆ. ಆದರೆ ಗುಂಡಿಗೆ ಮತ್ತೆ ನೈಟ್ರೋಜನ್ ತುಂಬುವುದನ್ನು ಅದರ ಸಾಧನ ಇದ್ದವರಿಗೆ ಬಿಡುತ್ತಾರೆ. ಗೆರೆ ಎಳೆದುಕೊಳ್ಳುವುದು ಅಂದರೆ ಇದು.

ಇನ್ನೊಂದು ಮಾತು. ಆ ಕಾರಿಗೆ ಮೊದಲು ಹಾಕುತ್ತಿದ್ದ ದ್ರವ ನೀರು ಹೀರಿಕೊಂಡು ಒಳಗೆ ತುಕ್ಕು ಹಿಡಿಸುತ್ತಿತ್ತು. 1967ರಲ್ಲಿ ಹಸಿರು ಬಣ್ಣದ ಖನಿಜ ತೈಲಕ್ಕೆ ಬದಲಾಯಿಸಿದರು. ಒಂದಕ್ಕೆ ಮಾಡಿದ ರಬ್ಬರ್ ಸೀಲು ಇನ್ನೊಂದರಲ್ಲಿ ಕೆಡುತ್ತದೆ. ಯಾರೂ ಎಡವಬಾರದೆಂದು ಹೊಸ ತೈಲದ ಬಿಡಿಭಾಗಗಳಿಗೂ ಹಸಿರು ಬಣ್ಣ ಬಳಿದರು. ಅಂಗಡಿಯಲ್ಲಿ "ಯಾವುದಾರ ಒಂದು ಆಯಿಲ್ ಕೊಡ್ರಿ" ಅನ್ನುವ ನಾವು ಇದನ್ನು ನೆನಪಿಡಬೇಕು.

ನಮ್ಮ ಲಿಫ್ಟಿನ ಲೆಕ್ಕ

ಮೂರು ತೋಳಿನ ಹೈಡ್ರಾಲಿಕ್ ಲಿಫ್ಟನ್ನು ರೂಢಿಗೆ ತಂದ ಹ್ಯಾರಿ ಫರ್ಗುಸನ್ ಐರ್ಲೆಂಡಿನ ರೈತನ ಮಗ. 1936ರಲ್ಲಿ ಮಾರಾಟಕ್ಕೆ ಬಂದ ಅವನ ಟ್ರ್ಯಾಕ್ಟರಿನಲ್ಲಿ ಅದಿತ್ತು. ನಮ್ಮ ಲಿಫ್ಟಿನಲ್ಲಿ ಗಾಳಿಗುಂಡು ಇಲ್ಲ, ಆದರೆ ಪಂಪು, ವಾಲ್ವು, ಸಿಲಿಂಡರು, ಸೀಲು ಎಲ್ಲ ಅದೇ ಜಾತಿ. ಒತ್ತಡವೂ ಅದೇ ಅಳತೆಯದು: ಚದರ ಸೆಂಟಿಮೀಟರಿಗೆ 150 ಕಿಲೋ, ಅದರ ಮೇಲೂ.

ಲಿಫ್ಟಿನ ರೋಗ ಗುರುತಿಸಲು ಡಾಕ್ಟರು ಬೇಕಿಲ್ಲ. ಆಯಿಲ್ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಬರುತ್ತಿದ್ದರೆ ಎಲ್ಲೋ ಗಾಳಿ ಹೀರುತ್ತಿದೆ, ಇಲ್ಲವೇ ಆಯಿಲ್ ಕಡಿಮೆಯಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕಾದು ಸತ್ತಿದೆ. ಸದ್ದು ಮಾಡುತ್ತಾ ನಿಧಾನ ಎತ್ತಿದರೆ ಮೊದಲು ಜಾಳಿಗೆ ಮತ್ತು ಫಿಲ್ಟರ್ ನೋಡಿ. ಚೆನ್ನಾಗಿ ಎತ್ತಿ, ಇಂಜಿನ್ ನಿಲ್ಲಿಸಿದೊಡನೆ ರೆಂಟೆ ಸರಸರ ಇಳಿದರೆ ಒಳಗೆ ಸೋರಿಕೆ: ಸೀಲೋ ವಾಲ್ವೋ ಸವೆದಿದೆ. ಎತ್ತಿದ ರೆಂಟೆಯ ಎತ್ತರವನ್ನು ಟೇಪಿನಿಂದ ಅಳೆದು, ಹತ್ತು ನಿಮಿಷದ ಮೇಲೆ ಮತ್ತೆ ಅಳೆದು ಬರೆದಿಡಿ. ಸ್ವಲ್ಪ ಇಳಿಯುವುದು ಸಹಜ. ವರ್ಷದಿಂದ ವರ್ಷಕ್ಕೆ ಹೆಚ್ಚಾದರೆ ಬೇಸಿಗೆಯಲ್ಲೇ ರಿಪೇರಿಗೆ ಹಾಕಿ, ರೋಹಿಣಿ ಮಳೆವರೆಗೆ ಕಾಯಬೇಡಿ.

ಆಯಿಲ್ ಮಟ್ಟ ನೋಡುವುದು, ಬದಲಿಸುವುದು, ಜಾಳಿಗೆ ತೊಳೆಯುವುದು, ಫಿಲ್ಟರ್, ಹೊರಗಿನ ಪೈಪು, ರಬ್ಬರ್ ಮುಚ್ಚಳ, ಪಿನ್ನುಗಳಿಗೆ ಗ್ರೀಸು: ಇಷ್ಟು ನಮ್ಮದು. ಪಂಪಿನ ಒಳಭಾಗ, ಕಂಟ್ರೋಲ್ ವಾಲ್ವು, ಒತ್ತಡ ಬಿಡುವ ವಾಲ್ವಿನ ಸ್ಕ್ರೂ: ಇವನ್ನು ಗೇಜು ಇದ್ದ ಮಿಸ್ತ್ರಿಗೆ ಬಿಡಿ. "ಸ್ವಲ್ಪ ಬಿಗಿ ಮಾಡಿದರ ಜಾಸ್ತಿ ಎತ್ತತೈತಿ" ಎಂದು ಆ ಸ್ಕ್ರೂ ತಿರುಗಿಸಿದವರು ಪೈಪು ಒಡೆದುಕೊಂಡಿದ್ದಾರೆ. ವಾರಂಟಿ ಇರುವ ಹೊಸ ಟ್ರ್ಯಾಕ್ಟರನ್ನಂತೂ ಮುಟ್ಟಬೇಡಿ.

ಬಹಳ ಟ್ರ್ಯಾಕ್ಟರುಗಳಲ್ಲಿ ಗೇರ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಆಯಿಲಿನೊಳಗೆ ಮುಳುಗಿದ ಬ್ರೇಕ್ ಇದ್ದರೆ ಅದಕ್ಕೂ ಅದೇ. ಇಂಜಿನ್ ಆಯಿಲೋ ಅಗ್ಗದ್ದೋ ಸುರಿದರೆ ಬ್ರೇಕೂ ಕೆಡುತ್ತದೆ. ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ಊರಲ್ಲಿ ಒಂದೇ ಎತ್ತುವ ಟ್ರೇಲರನ್ನು ನಾಲ್ಕು ಟ್ರ್ಯಾಕ್ಟರಿಗೆ ಜೋಡಿಸುತ್ತೇವಲ್ಲ, ಆಗ ಒಬ್ಬರ ಕಸ, ಒಬ್ಬರ ನೀರು ಇನ್ನೊಬ್ಬರ ಟ್ರ್ಯಾಕ್ಟರಿಗೆ ಹೋಗುತ್ತದೆ. ಜೋಡಿಸುವ ಮುಂಚೆ ಪೈಪಿನ ತುದಿ ಒರೆಸಿ, ಬಿಚ್ಚಿದ ಮೇಲೆ ಮುಚ್ಚಳ ಹಾಕಿ. ಧೂಳಿನಲ್ಲಿ ಎಳೆದಾಡಿಸಬೇಡಿ.

ಜೀವದ ಮಾತು

ಎತ್ತಿದ ರೆಂಟೆಯ ಕೆಳಗೆ, ಎತ್ತಿದ ಟ್ರೇಲರಿನ ಕೆಳಗೆ ಬರೀ ಆಯಿಲನ್ನು ನಂಬಿ ಹೋಗಬೇಡಿ. ಒಂದು ಪೈಪು ಹರಿದರೆ ಕಣ್ಣು ಮುಚ್ಚುವುದರೊಳಗೆ ಕೆಳಗೆ ಬರುತ್ತದೆ. ಗಟ್ಟಿ ಊರೆ ಕೊಟ್ಟೇ ಕೈ ಹಾಕಿ. ಬಿಚ್ಚುವ ಮೊದಲು ರೆಂಟೆ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಲಿವರ್ ಮೇಲೆ ಕೆಳಗೆ ಆಡಿಸಿ ಒತ್ತಡ ತೆಗೆಯಿರಿ. ಪೈಪಿನ ಸೂಜಿಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಹಾಗೆ ಒಳಹೊಕ್ಕರೆ, ನೋವು ಇಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳು, ಕೈ ಉಳಿಯುವುದು ಕಷ್ಟ.

ಒಬ್ಬೊಬ್ಬರೇ ಎಷ್ಟು ಕೊಳ್ಳುವುದು?

ಮೊದಲು ಕೂರಿಗೆಯ ತಾಳು ಸಡಿಲಾದರೆ ನಾವೇ ಬೆಣೆ ಬಡಿಯುತ್ತಿದ್ದೆವು. ದೊಡ್ಡ ಕೆಲಸಕ್ಕೆ ಬಡಿಗೇರ, ಕಂಬಾರ ಊರಲ್ಲೇ ಇದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಸಣ್ಣ ಕೆಲಸಕ್ಕೂ ಗದಗ, ಹುಬ್ಬಳ್ಳಿ ಅಂತ ಓಡುತ್ತೇವೆ. ಐದೆಕರೆಯವನು ಒತ್ತಡದ ಗೇಜು ಕೊಂಡುಕೊಳ್ಳಲಾರ, ಕೊಳ್ಳಲೂ ಬೇಕಿಲ್ಲ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ಸಾಲ ಸಾಹುಕಾರನ ಕೈಯಿಂದ ಸಂಘದ ಕೈಗೆ ಬಂತು. ಇವತ್ತು ಸಾಲ, ಗೊಬ್ಬರ ಕೊಡುವ ಸಂಘ ಒಂದು ಗೇಜು, ಒಂದು ಜತೆ ಒಳ್ಳೆ ಪಾನಾ, ಆಯಿಲ್ ಹಿಡಿಯುವ ಸ್ವಚ್ಛ ಡಬ್ಬಿ, ಕನ್ನಡದಲ್ಲಿ ಬರೆದ ರಿಪೇರಿ ಪುಸ್ತಕ ಇಟ್ಟರೆ ಎಷ್ಟು ಖರ್ಚಾದೀತು? ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥವರನ್ನು ನಾವೇ ಹೋಗಿ ಕೇಳಬೇಕು: ಬೇಸಿಗೆಯಲ್ಲಿ ಎರಡು ದಿನ ನಮ್ಮೂರಿಗೇ ಬಂದು ಕಲಿಸ್ರಿ ಅಂತ. ಇದರಿಂದ ಮಿಸ್ತ್ರಿಯ ಹೊಟ್ಟೆಗೆ ಕಲ್ಲು ಬೀಳುವುದಿಲ್ಲ. ಏನು ಕೆಟ್ಟಿದೆ ಎಂದು ಬಲ್ಲ ಗಿರಾಕಿ ಬಂದರೆ ಒಳ್ಳೆ ಮಿಸ್ತ್ರಿಗೆ ಅನುಕೂಲವೇ.

ಬರುವ ಬೇಸಿಗೆಯಲ್ಲಿ ಒಂದು ದಿನ ನಿಮ್ಮ ಟ್ರ್ಯಾಕ್ಟರಿನ ಡಿಪ್‌ಸ್ಟಿಕ್ ಎಳೆದು ಆಯಿಲಿನ ಬಣ್ಣ ನೋಡಿ. ಗೇರ್ ಲಿವರಿನ ರಬ್ಬರನ್ನೂ ನೋಡಿ. ನಾನು ಅದನ್ನು ನೋಡಿದ್ದರೆ ಆ ವರ್ಷ ಅರ್ಧ ಹೊಲದ ಹೆಸರು ಉಳಿಯುತ್ತಿತ್ತು.