ಮದ್ದಿಗೂ ತಾಳ್ಮೆ ಬೇಕು

ಕಲಬುರಗಿಯ ಶರಣಬಸವೇಶ್ವರರ ದೇವಸ್ಥಾನಕ್ಕೆ ಬರುವವರೆಲ್ಲರೂ ಹರಕೆ ಹೊತ್ತೇ ಬರುವುದಿಲ್ಲ. ಹೇಳಿಕೊಳ್ಳಲಾಗದ ಮನೋಭಾರವನ್ನು ಕ್ಷಣಕಾಲ ಇಳಿಸಿ ಕೂಡಲೆಂದು ಬರುವವರೂ ಉಂಟು. ದಾಸೋಹವನ್ನೇ ಬಾಳಿನ ಧರ್ಮವಾಗಿಸಿಕೊಂಡ ಶರಣರ ಸನ್ನಿಧಿ ದುಃಖಕ್ಕೆ ಸಮಾಧಾನ ನೀಡೀತು. ಆದರೆ ವಾರಗಟ್ಟಲೆ ನಿದ್ರೆ, ಹಸಿವು, ಆಸೆಗಳೆಲ್ಲ ಬತ್ತಿಹೋದರೆ ಅದು ಖಿನ್ನತೆಯೆಂಬ ರೋಗ. ಅದಕ್ಕೆ ಪ್ರಾರ್ಥನೆಯೊಡನೆ ವೈದ್ಯರೂ ಬೇಕು. ಇವೆರಡನ್ನು ಎದುರಾಳಿಗಳೆಂದು ಬಗೆಯುವವರ ಮಾತನ್ನು ನಾನು ಒಪ್ಪಲಾರೆ.

ಇಮಿಪ್ರಮೈನ್ ಎಂಬ ಹಳೆಯ ಔಷಧದ ಕಥೆ ಇಲ್ಲಿ ನೆನೆಯತಕ್ಕದ್ದು. ಸ್ವಿಟ್ಜರ್ಲೆಂಡಿನ ಗೈಗಿ ಕಂಪೆನಿಯ ಈ ಔಷಧ ಸ್ಕಿಜೋಫ್ರೇನಿಯಾ ರೋಗದಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ವೈದ್ಯ ರೋಲಂಡ್ ಕೂನ್ 1956ರಲ್ಲಿ ಅದನ್ನೇ ಖಿನ್ನರಿಗೆ ಕೊಟ್ಟು ನೋಡಿದರು. ಬಾಡಿದ ಮನಸ್ಸುಗಳು ಚಿಗುರಿದವು. 1957ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು.

ಅದು ಕೆಲಸಮಾಡುವ ಬಗೆಯನ್ನು ತಿಳಿಯಲು ನಮ್ಮ ನಾಡಿನ ಸರ್ಪಗಂಧಿಯೂ ನೆರವಾಯಿತು. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ರಕ್ತದ ಒತ್ತಡವನ್ನು ಇಳಿಸುತ್ತಿತ್ತು. ಜೊತೆಗೆ ಮಿದುಳಿನ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಬರಿದುಮಾಡುತ್ತಿತ್ತು. ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿತು. ಇಮಿಪ್ರಮೈನಿನದು ಇದಕ್ಕೆ ವಿರುದ್ಧವಾದ ನಡೆ: ನರಕೋಶಗಳು ಇದೇ ದ್ರವ್ಯಗಳನ್ನು ಮರಳಿ ಹೀರಿಕೊಳ್ಳದಂತೆ ಅದು ತಡೆಯುತ್ತದೆ. ಖಿನ್ನತೆಗೆ ಈ ದ್ರವ್ಯಗಳ ಕೊರತೆಯೊಂದೇ ಕಾರಣವೆಂಬ ಸರಳ ವಾದ ಮಾತ್ರ ಇಂದು ನಿಲ್ಲುವುದಿಲ್ಲ. ಏಕೆಂದರೆ ಆ ತಡೆ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಮನಸ್ಸು ಮೇಲೇಳುವುದು ಎರಡು ಮೂರು ವಾರಗಳ ಮೇಲೆ.

ಅಪಾಯವಿರುವುದು ಈ ನಡುಗಾಲದಲ್ಲಿಯೇ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಎದ್ದು ನಿಂತರೆ ತಲೆಸುತ್ತು—ಇವು ಮೊದಲ ದಿನಗಳಿಂದಲೇ ಕಾಡಬಹುದು. ಸಂಕಟ ಮುಂದಾಗಿ ಬಂದು ಫಲ ಹಿಂದೆ ಉಳಿದಾಗ ರೋಗಿ ಗುಳಿಗೆಯನ್ನು ಬಿಸುಟರೆ ಆಶ್ಚರ್ಯವೇನು? ಮಿತಿಮೀರಿ ನುಂಗಿದರೆ ಇದು ಹೃದಯಕ್ಕೆ ಮಾರಕ. ಆದುದರಿಂದ ಗುಳಿಗೆಯ ಡಬ್ಬಿ ಮನೆಯ ಹಿರಿಯರ ವಶದಲ್ಲಿರುವುದು ಲೇಸು. ಇಂದು ವೈದ್ಯರು ಮೊದಲು ಬರೆದುಕೊಡುವುದು ಬಹುಮಟ್ಟಿಗೆ ಹೊಸ ಔಷಧಗಳನ್ನು. ಆದರೆ ಅವಕ್ಕೂ ವಾರಗಳ ಕಾಲಾವಕಾಶ ಬೇಕು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೂ ಮನೋರೋಗಿಗಳಿಗೆ ಚಿಕಿತ್ಸೆ ನೀಡಬಲ್ಲರೆಂಬುದನ್ನು ಅದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಮದ್ದು ಹೀಗೆ ಊರಿನವರೆಗೆ ಬರಬಲ್ಲದು. ಅದನ್ನು ಬಿಡದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. "ಧೈರ್ಯ ತಂದುಕೋ" ಎಂದು ಗದರಿಸುವ ಬದಲು, "ಇನ್ನೆರಡು ವಾರ ತಾಳಪ್ಪಾ, ನಾವಿದ್ದೇವೆ" ಎಂದರೆ ಅದೂ ಒಂದು ದಾಸೋಹವೇ.