ಮೀನಿಗಿಂತ ಮೊದಲು ನೀರು

ಗೃಹಪ್ರವೇಶಕ್ಕೆಂದೋ, ಮಗುವಿನ ಹುಟ್ಟುಹಬ್ಬಕ್ಕೆಂದೋ ಪೇಟೆಯಿಂದ ಗಾಜಿನ ತೊಟ್ಟಿಯೊಂದನ್ನು ತಂದು, ಬಣ್ಣದ ಕಲ್ಲುಗಳನ್ನು ಹಾಸಿ, ನಲ್ಲಿಯ ನೀರನ್ನು ಅಂಚಿನವರೆಗೆ ತುಂಬಿ, ಅದೇ ಸಂಜೆ ಅದರೊಳಗೆ ಹತ್ತು ಹನ್ನೆರಡು ಮೀನುಗಳನ್ನು ಬಿಡುವ ಪದ್ಧತಿ ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವಾಗಿ ಹೋಗಿದೆಯೆಂದರೆ, ಅದರಲ್ಲಿ ಆಕ್ಷೇಪಿಸತಕ್ಕದ್ದೇನಾದರೂ ಇರಬಹುದೆಂಬ ಶಂಕೆಯೂ ಯಾರಿಗೂ ಹುಟ್ಟುವುದಿಲ್ಲ. ಮೂರನೆಯ ನಾಲ್ಕನೆಯ ದಿನಕ್ಕೆ ಮೀನುಗಳು ಮೇವನ್ನು ಮುಟ್ಟದಾಗುತ್ತವೆ. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಹಿಡಿಯುತ್ತವೆ. ಬಳಿಕ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ವಾರ ಎರಡು ವಾರ ಕಳೆಯುವುದರೊಳಗಾಗಿ ಒಂದೊಂದಾಗಿ ಸಾಯುತ್ತವೆ. ಮನೆಯವರು ಅವುಗಳ ಆಯುಸ್ಸೇ ಅಷ್ಟೆಂದೋ, ಅಂಗಡಿಯವನು ರೋಗದ ಮೀನು ಕೊಟ್ಟನೆಂದೋ, ದೃಷ್ಟಿ ತಾಕಿತೆಂದೋ ಸಮಾಧಾನ ತಂದುಕೊಂಡು, ತೊಟ್ಟಿಯನ್ನು ಸೋಪು ಹಾಕಿ ತಿಕ್ಕಿ ತೊಳೆದು, ಮತ್ತೆ ಹೊಸ ಮೀನುಗಳನ್ನು ತರುತ್ತಾರೆ. ಮತ್ತೆ ಅದೇ ಕಥೆ ನಡೆಯುತ್ತದೆ. ಹೊಸ ತೊಟ್ಟಿಯ ಈ ಸಾವುಗಳಿಗೆ ಬಹುಮಟ್ಟಿಗೆ ಕಾರಣವಾಗಿರುವುದು ನೀರಿನಲ್ಲಿ ಸಂಚಯಗೊಂಡ ಅಮೋನಿಯಾ. ಅದನ್ನು ನಾವು ತಡೆಯಬಲ್ಲೆವು. ಆದುದರಿಂದ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವ ಮತ್ತು ಕೊಳ್ಳುವ ರೂಢಿಯನ್ನು ಬಿಟ್ಟುಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಶೃಂಗೇರಿಗೆ ಹೋದ ಯಾತ್ರಿಕರು ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು, ಕಾಲ ಬಳಿಗೇ ಬಂದು ಮುತ್ತುವ ದೇವರ ಮೀನುಗಳಿಗೆ ಪುರಿಯನ್ನು ಎರಚುವುದುಂಟು. ಅಷ್ಟು ಮೇವು ಬೀಳುವ ಎಡೆಯಲ್ಲಿ, ಅಷ್ಟು ಮೀನುಗಳು ಒತ್ತೊತ್ತಾಗಿ ನೆರೆದಿದ್ದರೂ, ಅವು ತಮ್ಮ ಮಾಲಿನ್ಯದಿಂದಲೇ ಸಾಯದಿರುವುದಕ್ಕೆ ಕಾರಣಗಳೆರಡು: ಹರಿಯುವ ಹೊಳೆ ಆ ಮಾಲಿನ್ಯವನ್ನು ಕ್ಷಣಕ್ಷಣವೂ ತೆಳುವಾಗಿಸಿ ಒಯ್ಯುತ್ತಿರುತ್ತದೆ, ಹೊಳೆಯ ತಳದ ಒಂದೊಂದು ಕಲ್ಲಿನ ಲೋಳೆಯಲ್ಲಿಯೂ ಅದನ್ನು ಜೀರ್ಣಿಸಿಕೊಳ್ಳತಕ್ಕ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ಅಂಗಡಿಯಿಂದ ಆಗತಾನೆ ಬಂದ ತೊಟ್ಟಿಯಲ್ಲಿ ಈ ಎರಡರಲ್ಲಿ ಒಂದೂ ಇಲ್ಲ. ಪ್ರೋಟೀನು ವಿಘಟನೆಗೊಂಡಾಗ ಹುಟ್ಟುವ ಅಮೋನಿಯಾವನ್ನು ಮನುಷ್ಯನ ದೇಹವು ಯೂರಿಯಾ ಆಗಿ ಮಾರ್ಪಡಿಸಿ ಮೂತ್ರದೊಡನೆ ಹೊರಹಾಕುತ್ತದೆ. ಸಿಹಿನೀರಿನ ಮೀನಾದರೋ ಅದರ ಬಹುಪಾಲನ್ನು ಹಾಗೆಯೇ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ತಿನ್ನದೆ ಉಳಿದ ಮೇವೂ ಕೊಳೆತ ಎಲೆಯೂ ತಮ್ಮ ಪಾಲನ್ನು ಕೂಡಿಸುತ್ತವೆ. ಶೇಕಡ 35ರಷ್ಟು ಪ್ರೋಟೀನಿರುವ ಒಂದು ಗ್ರಾಂ ಮೇವಿನಿಂದ ಸುಮಾರು 30 ಮಿಲಿಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವ ನೀರು ಸುಮಾರು 55 ಲೀಟರು. ದಿನಕ್ಕೊಂದು ಗ್ರಾಂ ಮೇವು ಹಾಕಿದರೆ ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟು ದಿನದಿನವೂ ಕೂಡುತ್ತ, ನಾಲ್ಕೈದು ದಿನಗಳಲ್ಲಿ ಎರಡು ಮಿಲಿಗ್ರಾಮನ್ನು ಮೀರುತ್ತದೆ. ಸುಸ್ಥಿತಿಯಲ್ಲಿರುವ ತೊಟ್ಟಿಯಲ್ಲಿ ಈ ಅಂಕೆ ಸೊನ್ನೆಯಾಗಿರತಕ್ಕದ್ದು.

ಈ ವಿಷವನ್ನು ಕಳೆದುಕೊಳ್ಳುವ ಶಕ್ತಿ ನೀರಿಗೆ ಹೇಗೆ ಬರುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು. 1877ರಲ್ಲಿ ಅವರು ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಉದ್ದನೆಯ ಕೊಳವೆಯೊಂದರ ಮೂಲಕ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಹಾಯಿಸಿದರು. ಸುಮಾರು 20 ದಿನಗಳವರೆಗೆ ಅಮೋನಿಯಾ ಯಾವ ಮಾರ್ಪಾಟೂ ಇಲ್ಲದೆ ಹೊರಬಂದಿತು. ಅನಂತರ ನೈಟ್ರೇಟು ಕಾಣಿಸಿಕೊಂಡು, ಅಮೋನಿಯಾ ಇಲ್ಲವಾಯಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದಾಗ ಈ ಕ್ರಿಯೆ ನಿಂತಿತು. ತೋಟದ ಮಣ್ಣನ್ನು ಕದಡಿದ ನೀರನ್ನು ಸೇರಿಸಿದ ಮೇಲೆ ಪುನಃ ಪ್ರಾರಂಭವಾಯಿತು. ಇದು ಕೇವಲ ರಾಸಾಯನಿಕ ವ್ಯಾಪಾರವಾಗಿರದೆ ಜೀವಿಗಳ ಕಾರ್ಯವೆಂಬುದು ಇದರಿಂದ ಸಿದ್ಧವಾಯಿತು. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ, ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಯೂ ಪರಿವರ್ತಿಸುತ್ತವೆಂದು ಸ್ಥಾಪಿಸಿದನು. ಎರಡು ಹೆಜ್ಜೆಗಳನ್ನೂ ತಾವೇ ಇಡಬಲ್ಲ ನೈಟ್ರೋಸ್ಪೈರಾ ಜಾತಿಯ ಬ್ಯಾಕ್ಟೀರಿಯಗಳು ಪತ್ತೆಯಾದ ಸುದ್ದಿ 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೆಲವು ದೊರೆತದ್ದು ಮೀನು ಸಾಕಣೆಯ ತೊಟ್ಟಿಗಳ ನೀರನ್ನು ಶುದ್ಧಗೊಳಿಸುವ ಶೋಧಕವೊಂದರಲ್ಲಿ.

ಮನೆಯ ಮೀನುತೊಟ್ಟಿಗೆ ಬೇಕಾದ ಧರ್ಮಶಾಸ್ತ್ರವೆಲ್ಲವೂ ಆ 1877ರ ಪ್ರಯೋಗದಲ್ಲಿ ಅಡಕವಾಗಿದೆ. ಮೊದಲನೆಯದು, ಕಾಲ ಬೇಕು. ಅನ್ಯ ಬ್ಯಾಕ್ಟೀರಿಯಗಳು ಅನುಕೂಲ ಸ್ಥಿತಿಯಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲುವಾದರೆ, ಈ ನೈಟ್ರೀಕಾರಕಗಳಿಗೆ ಅದಕ್ಕೆ ಅರ್ಧ ದಿನವೋ, ಒಂದು ದಿನವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಹಿಡಿಯುತ್ತದೆ. ಆದಕಾರಣ ಹೊಸ ತೊಟ್ಟಿ ಪಕ್ವವಾಗುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಎರಡನೆಯದು, ಅವು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳಿಗೆ ಅಂಟಿಕೊಂಡು ಬಾಳುತ್ತವೆ; ಆ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ಕೆಳಗೆ ಹಿಂಡಿ ತೊಳೆದವನು, ಶುಚಿಗೊಳಿಸುತ್ತಿರುವೆನೆಂಬ ಸದ್ಭಾವನೆಯಿಂದಲೇ, ವಾರಗಟ್ಟಲೆ ಬೆಳೆದ ಸಂತಾನವನ್ನು ನಿಮಿಷದಲ್ಲಿ ನಾಶಮಾಡುತ್ತಾನೆ. ಸ್ಪಂಜನ್ನು ತೊಳೆಯಬೇಕಾದರೆ ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಬೇಕು. ಮೂರನೆಯದು, ಬೀಜ ಹಾಕಿದರೆ ಬೆಳೆ ಬೇಗ ಬರುತ್ತದೆ. ಹಾಲು ಮೊಸರಾಗಲು ಹೆಪ್ಪು ಹೇಗೋ ಹಾಗೆ, ರೋಗವಿಲ್ಲದ ಹಳೆಯ ತೊಟ್ಟಿಯೊಂದರ ಸ್ಪಂಜಿನ ತುಂಡನ್ನು, ಒಣಗಲು ಬಿಡದೆ ತಂದು ಹೊಸ ಫಿಲ್ಟರಿನೊಳಗಿಟ್ಟರೆ, ತಿಂಗಳ ಕೆಲಸ ಎಷ್ಟೋ ಶೀಘ್ರವಾಗಿ ನೆರವೇರುತ್ತದೆ. ಮೀನಿಲ್ಲದೆಯೇ, ದಿನವೂ ಒಂದು ಚಿಟಿಕೆ ಮೇವನ್ನು ಹಾಕಿ ಕೊಳೆಯಬಿಟ್ಟು, ಏರ್ ಪಂಪನ್ನು ನಿಲ್ಲಿಸದೆ ನಡೆಸಿ, ಅಮೋನಿಯಾ ಏರಿ ಇಳಿಯುವುದನ್ನೂ, ಅದರ ಹಿಂದೆಯೇ ನೈಟ್ರೈಟು ಏರಿ ಇಳಿಯುವುದನ್ನೂ ಪರೀಕ್ಷಿಸುತ್ತ ಬಂದು, ಎರಡೂ ಸೊನ್ನೆಗೆ ನಿಂತ ಮೇಲೆ ಎರಡು ಮೂರು ಮೀನುಗಳಿಂದ ಪ್ರಾರಂಭಿಸುವುದೇ ಉತ್ತಮವಾದ ಮಾರ್ಗ.

ಅಮೋನಿಯಾದ ವಿಷತ್ವ ಎಲ್ಲ ಊರಿನ ನೀರಿನಲ್ಲಿಯೂ ಒಂದೇ ಪ್ರಮಾಣದ್ದಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ನೀರಿನಲ್ಲಿ ಅದು ಎರಡು ರೂಪಗಳಲ್ಲಿ ಇರುತ್ತದೆ: ಅಮೋನಿಯಂ ಅಯಾನಾಗಿರುವಾಗ ಅದರ ಉಪದ್ರವ ಕಡಿಮೆ, ಮುಕ್ತ ಅಮೋನಿಯಾ ಆಗಿರುವಾಗ ಅದು ಕಿವಿರುಗಳನ್ನು ಸುಟ್ಟು ರಕ್ತಕ್ಕೆ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ಮುಕ್ತ ರೂಪದ್ದು ಶೇಕಡ ಒಂದಕ್ಕಿಂತಲೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ ಐದರಷ್ಟಾಗುತ್ತದೆ. 9ಕ್ಕೆ ಮುಟ್ಟಿದರೆ ಮೂರರಲ್ಲಿ ಒಂದು ಪಾಲನ್ನು ಮೀರುತ್ತದೆ. ಆದುದರಿಂದ ಬಯಲುಸೀಮೆಯ ಕೊಳವೆ ಬಾವಿಯ ಗಡಸು ನೀರಿನಲ್ಲಿ ಮೀನು ಸಾಕುವವನು, ಮಲೆನಾಡಿನ ತೊರೆಯ ಮೃದುಜಲದಲ್ಲಿ ಸಾಕುವವನಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಬೇಸಿಗೆಯ ಸೆಕೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹಾಗೆಂದು ಮೃದುಜಲದವನು ನಿಶ್ಚಿಂತನಾಗುವಂತಿಲ್ಲ. ಅಮೋನಿಯಾ ನೈಟ್ರೇಟಾಗಿ ಮಾರ್ಪಡುವಾಗ ನೀರಿನ ಕ್ಷಾರಗುಣ ವ್ಯಯವಾಗುತ್ತ ಹೋಗಿ, ಪಿಎಚ್ ತೀರ ಇಳಿದಲ್ಲಿ ಬ್ಯಾಕ್ಟೀರಿಯಗಳ ಕೆಲಸವೇ ಮಂದವಾಗುತ್ತದೆ. ಅಂಥ ನೀರಿನಲ್ಲಿ ಒಂದು ಹಿಡಿ ಕಪ್ಪೆಚಿಪ್ಪಿನ ಚೂರುಗಳನ್ನು ಫಿಲ್ಟರಿನಲ್ಲಿಡುವುದು ಹಿತಕರ.

ಈಗಾಗಲೇ ಮೀನುಗಳನ್ನು ತಂದುಬಿಟ್ಟವರು ಏನು ಮಾಡಬೇಕು? ಮೊದಲು ಅಳೆಯಬೇಕು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದರಲ್ಲಿ ಮಾರಕವಾದಷ್ಟು ಅಮೋನಿಯಾ ಇರಬಹುದಾದ್ದರಿಂದ ಕಣ್ಣನ್ನು ನಂಬಿ ಪ್ರಯೋಜನವಿಲ್ಲ. ಗಾಜಿನ ಸಣ್ಣ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಪರೀಕ್ಷಾ ದ್ರವದ ಹನಿಗಳನ್ನು ಬಿಟ್ಟು ಕುಲುಕಿ ಇಟ್ಟರೆ, ಕೆಲವು ನಿಮಿಷಗಳಲ್ಲಿ ಬಣ್ಣ ಕೂಡುತ್ತದೆ: ನಿಂಬೆಯ ಹಳದಿಯಾಗಿಯೇ ಉಳಿದರೆ ಕ್ಷೇಮ; ಹಸುರಿಗೆ ತಿರುಗಿದರೆ ಅಪಾಯ; ಹಸುರು ಕಡುವಾದಷ್ಟೂ ಅಪಾಯ ಹೆಚ್ಚು. ಹಸುರು ಕಂಡ ದಿನ ಮೇವನ್ನು ನಿಲ್ಲಿಸಬೇಕು. ಒಂದೆರಡು ದಿನ ಉಪವಾಸವಿದ್ದುದರಿಂದ ಆರೋಗ್ಯವಂತವಾದ ಬೆಳೆದ ಮೀನು ಸಾಯುವುದಿಲ್ಲ. ತೊಟ್ಟಿಯ ಕಾಲುಭಾಗದಿಂದ ಅರ್ಧದಷ್ಟು ನೀರನ್ನು ತೆಗೆದು, ಅದೇ ಉಷ್ಣತೆಯ, ಕ್ಲೋರಿನ್ ಕಳೆದ ನೀರನ್ನು ತುಂಬಬೇಕು. ಅಂಕೆ ಇಳಿಯುವವರೆಗೆ ಇದನ್ನು ದಿನವೂ ನಡೆಸಬೇಕು. ಸಾಮಾನ್ಯ ಕ್ಲೋರಿನ್ನನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿ ಗಾಳಿಯಾಡಿಸಿ ಇಟ್ಟು ಕಳೆಯಬಹುದು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಅದೇ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ನೀರು ಹಾಲಿನಂತೆ ಮಂಕಾದರೆ ಗಾಬರಿಯಿಂದ ಎಲ್ಲವನ್ನೂ ಬರಿದುಮಾಡಿ ತೊಳೆಯಕೂಡದು. ಅನ್ಯ ಬ್ಯಾಕ್ಟೀರಿಯಗಳ ತಾತ್ಕಾಲಿಕ ವೃದ್ಧಿಯಿಂದಾದ ಆ ಮಬ್ಬು ತಾನಾಗಿಯೇ ತಿಳಿಯಾಗುತ್ತದೆ. ಮೀನುಗಳು ಏದುಸಿರು ಬಿಡುತ್ತಿವೆಯೆಂದು ಕಂಡಕಂಡ ಔಷಧಿಗಳನ್ನು ಸುರಿಯುವುದೂ ತರವಲ್ಲ. ಅವುಗಳಲ್ಲಿ ಕೆಲವು ಬೆಳೆಯುತ್ತಿರುವ ಉಪಕಾರಿ ಜೀವಿಗಳನ್ನೇ ಕೊಲ್ಲುತ್ತವೆ.

ಅಮೋನಿಯಾ ಇಳಿದೊಡನೆ ಕಷ್ಟ ತೀರಿತೆಂದು ಭಾವಿಸಬಾರದು. ಅದರ ಸ್ಥಾನದಲ್ಲಿ ಏರುವ ನೈಟ್ರೈಟು ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಕಿವಿರುಗಳಲ್ಲಿ ನೈಟ್ರೈಟಿನ ಪ್ರವೇಶವನ್ನು ತಡೆಯುವುದರಿಂದ, ಹತ್ತು ಲೀಟರಿಗೆ ಒಂದು ಗ್ರಾಮಿನ ಪ್ರಮಾಣದಲ್ಲಿ ಅಡುಗೆಯ ಉಪ್ಪನ್ನು ಕರಗಿಸಿ ಸೇರಿಸುವುದು ಈ ಘಟ್ಟದಲ್ಲಿ ಪ್ರಾಣರಕ್ಷಕವಾಗುತ್ತದೆ. ಕೊನೆಗೆ ಉಳಿಯುವ ನೈಟ್ರೇಟು ಅಷ್ಟು ಕ್ರೂರವಾದದ್ದಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸುವುದರಿಂದಲೂ, ಹಸುರು ಗಿಡಗಳನ್ನು ಬೆಳೆಸುವುದರಿಂದಲೂ ಅದು ಹತೋಟಿಯಲ್ಲಿರುತ್ತದೆ.

ಮೀನು ತರುವ ಮುನ್ನ ಕಾಯಬೇಕೆಂಬ ಮಾತಿಗೆ ಬರತಕ್ಕ ಆಕ್ಷೇಪಣೆಗಳನ್ನು ನಾನು ಲಘುವಾಗಿ ಕಾಣುವುದಿಲ್ಲ. ಬರಿಯ ನೀರು ತುಂಬಿದ ತೊಟ್ಟಿಯನ್ನು ತಿಂಗಳುಗಟ್ಟಲೆ ನೋಡುತ್ತ ಕೂರಬೇಕೆಂದರೆ ಮಕ್ಕಳು ಕೇಳುವರೇ, ಕೈಗೆ ಬಂದ ಗಿರಾಕಿಯನ್ನು ಮೀನು ಕೊಡದೆ ಕಳುಹಿಸಿದರೆ ಪಕ್ಕದ ಅಂಗಡಿಯವನು ಕೊಡದಿರುವನೇ, ಬ್ಯಾಕ್ಟೀರಿಯ ತುಂಬಿದ ಸೀಸೆಗಳೇ ಮಾರಾಟಕ್ಕಿರುವಾಗ ಕಾಯುವ ಅವಶ್ಯಕತೆ ಏನು ಎಂದು ಕೇಳುವವರುಂಟು. ಸೀಸೆಯೊಳಗಿನ ಜೀವಿಗಳು ಬದುಕಿದ್ದರೆ ಅವುಗಳಿಂದ ಸಹಾಯವಾಗುವುದು ನಿಜ. ಆದರೆ ಬಹುಕಾಲ ಬಿಸಿಲು ಸೆಕೆಗಳಲ್ಲಿ ಕಪಾಟು ಸೇರಿದ್ದ ಸೀಸೆಯಲ್ಲಿ ಏನು ಉಳಿದಿದೆಯೆಂಬುದನ್ನು ಹಳದಿ ಹಸುರಿನ ಪರೀಕ್ಷೆಯೇ ಹೇಳಬೇಕಲ್ಲದೆ ಸೀಸೆಯ ಮೇಲಿನ ಚೀಟಿ ಹೇಳಲಾರದು. ವ್ಯಾಪಾರಿಯ ಜೀವನೋಪಾಯವನ್ನು ಕಸಿಯಬೇಕೆಂಬುದು ಯಾರ ಆಶಯವೂ ಅಲ್ಲ. ಮೊದಲ ದಿನ ತೊಟ್ಟಿ, ಫಿಲ್ಟರ್, ಗಿಡ, ಪರೀಕ್ಷಾ ದ್ರವ ಇವುಗಳನ್ನು ಮಾರಿ, ತಿಂಗಳ ಬಳಿಕ ಮೀನು ಮಾರುವವನಿಗೆ ನಷ್ಟವಿಲ್ಲ. ಮೀನು ಬದುಕಿದ ಮನೆಯವರು ವರ್ಷಗಟ್ಟಲೆ ಅವನಲ್ಲಿಗೆ ಬರುತ್ತಾರೆ, ಮೂರು ಸಲ ಮೀನು ಸತ್ತ ಮನೆಯವರು ತೊಟ್ಟಿಯನ್ನೇ ಅಟ್ಟಕ್ಕೆ ಹಾಕುತ್ತಾರೆ. ಇನ್ನು ಮಕ್ಕಳ ವಿಷಯ. ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಸಾರಜನಕದ ಚಕ್ರವನ್ನು ಬಾಣದ ಗುರುತುಗಳ ಚಿತ್ರವಾಗಿ ಬಾಯಿಪಾಠ ಮಾಡುವ ಮಗುವಿಗೆ, ಅದೇ ಚಕ್ರ ತನ್ನ ಮನೆಯ ತೊಟ್ಟಿಯಲ್ಲಿ ತಿರುಗತೊಡಗುವುದನ್ನು ನಳಿಕೆಯ ಬಣ್ಣದಲ್ಲಿ ದಿನದಿನವೂ ಓದಿ ದಿನಚರಿಯಲ್ಲಿ ಬರೆದಿಡುವ ಅವಕಾಶ ದೊರೆತರೆ, ಆ ತಿಂಗಳು ಬರಿದಾದ ತಿಂಗಳಾಗುವುದಿಲ್ಲ. ಕಾಯದೆ ತಂದು ಸಾಯಿಸಿದ ಮೀನಿನಿಂದ ಮಗು ಕಲಿಯುವುದು, ಜೀವವೊಂದು ಹೋದರೆ ಇನ್ನೊಂದನ್ನು ಕೊಂಡು ತರಬಹುದೆಂಬ ಪಾಠವನ್ನು. ಅದಕ್ಕಿಂತ ಹೀನವಾದ ಶಿಕ್ಷಣವನ್ನು ನಾನರಿಯೆ.

1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾನೂನು, ಮನುಷ್ಯನನ್ನು ಬಿಟ್ಟು ಉಳಿದ ಸಮಸ್ತ ಜೀವಿಗಳನ್ನೂ ಪ್ರಾಣಿಯೆಂಬ ಪದದಲ್ಲಿ ಸೇರಿಸಿಕೊಂಡು, ಅವುಗಳನ್ನು ಇಟ್ಟುಕೊಂಡವರು ಅವುಗಳ ಕ್ಷೇಮಕ್ಕಾಗಿಯೂ, ಅನಾವಶ್ಯಕವಾದ ನೋವು ತಪ್ಪಿಸುವುದಕ್ಕಾಗಿಯೂ ಯುಕ್ತವಾದ ಕ್ರಮಗಳನ್ನು ಕೈಕೊಳ್ಳತಕ್ಕದ್ದೆಂದು ವಿಧಿಸಿದೆ. ಆ ವಿಧಿಯಿಂದ ಮೀನನ್ನು ಹೊರಗಿಡುವುದಕ್ಕೆ ಆಧಾರವಿಲ್ಲ. ನಾಯಿ ನರಳಿದರೆ ಬೀದಿಯೆಲ್ಲ ಕೇಳುತ್ತದೆ. ಮೀನಿಗೆ ದನಿಯಿಲ್ಲದ ಕಾರಣ ಅದರ ನೋವು ನಮ್ಮ ಕಿವಿಗೆ ಬೀಳುವುದಿಲ್ಲ, ಆದುದರಿಂದಲೇ ನಮ್ಮ ಹೊಣೆ ಇಲ್ಲಿ ಹೆಚ್ಚಿನದು. ಆದರೂ ಪ್ರತಿಯೊಂದಕ್ಕೂ ಪೊಲೀಸರನ್ನೂ ದಂಡವನ್ನೂ ಕರೆಯಬೇಕೆಂದು ನಾನು ಹೇಳುವುದಿಲ್ಲ. ಮೀನು ಮಾರುವ ಪ್ರತಿಯೊಬ್ಬ ವ್ಯಾಪಾರಿಯೂ ಮೀನನ್ನು ಚೀಲಕ್ಕೆ ಹಾಕುವ ಮುನ್ನ, ತೊಟ್ಟಿಗೆ ನೀರು ತುಂಬಿ ಎಷ್ಟು ದಿನವಾಯಿತು, ಅಮೋನಿಯಾ ಪರೀಕ್ಷೆ ಮಾಡಿದಿರಾ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದನ್ನು ವೃತ್ತಿಧರ್ಮವಾಗಿ ಸ್ವೀಕರಿಸಲಿ. ಕೊಳ್ಳುವವರು ಆ ಪ್ರಶ್ನೆಗಳಿಗೆ ಸತ್ಯವಾದ ಉತ್ತರ ಕೊಡಲಿ; ಉತ್ತರವಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಲಿ. ಮೀನುಗಾರಿಕೆ ಇಲಾಖೆಯು ಇದನ್ನು ಸರಳವಾದ ಕನ್ನಡದಲ್ಲಿ ಒಂದು ಹಾಳೆಯಷ್ಟು ಮುದ್ರಿಸಿ ಅಂಗಡಿಗಳಿಗೆ ಹಂಚಿದರೆ, ಖರ್ಚು ಅತ್ಯಲ್ಪ. ಉಳಿಯುವ ಜೀವಗಳು ಅಪಾರ. ಮೀನಿಗಾಗಿ ಒಂದು ತಿಂಗಳು ಕಾಯಲಾರದವರು, ಅದನ್ನು ವರ್ಷಗಳ ಕಾಲ ಪಾಲಿಸುವ ಭಾರವನ್ನು ಹೊರಲು ಇನ್ನೂ ಸಿದ್ಧರಾಗಿಲ್ಲವೆಂದೇ ತಿಳಿಯಬೇಕು.