ಅಪ್ಪ, ಪ್ಯಾಂಡೆಮಿಕ್ ಮತ್ತು ನನ್ನ ಅಧಿಕಪ್ರಸಂಗ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಆಮೇಲೆ ಸೋಮಾರಿತನ... ನಿಮಗೆಲ್ಲ ಗೊತ್ತಿರೋದೇ :-) ಈ ಸಲ ಬೋರ್ಡ್ ಗೇಮ್ ಬಗ್ಗೆ ಬರೀತೀನಿ. ಹಾವು-ಏಣಿ ಅಲ್ಲ, ತಲೆ ಓಡಿಸಿ ಆಡುವ ಈಗಿನ ಆಟಗಳು.

ಊರಿಂದ ಅಪ್ಪ-ಅಮ್ಮ ಬಂದಿದ್ದಾಗ ನಾನು ಹರಡಿದ್ದು 'ಪ್ಯಾಂಡೆಮಿಕ್'. ಮ್ಯಾಟ್ ಲೀಕಾಕ್ ರಚಿಸಿದ, 2008ರಲ್ಲಿ ಬಂದ ಆಟ. ಇದರಲ್ಲಿ ಒಬ್ಬರ ಮೇಲೊಬ್ಬರು ಆಡೋದಿಲ್ಲ. ಭೂಪಟದ 48 ಊರುಗಳಲ್ಲಿ ಹಬ್ಬುವ ನಾಲ್ಕು ರೋಗಗಳಿಗೆ ಎಲ್ಲರೂ ಸೇರಿ ಮದ್ದು ಹುಡುಕಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಮನೆಮಂದಿಗೆ ಇದಕ್ಕಿಂತ ಇನ್ನೇನು ಬೇಕು ಅಂದ್ಕೊಂಡೆ. ಅಪ್ಪ ಕನ್ನಡಕ ಏರಿಸಿಕೊಂಡು ಮೊದಲು ಹುಡುಕಿದ್ದು ಬೆಂಗಳೂರನ್ನ. "ಚೆನ್ನೈ ಇದೆಯಲ್ಲೋ, ನಮ್ಮದೆಲ್ಲಿ?"

ನಗ್ತಾ ಶುರುವಾಯ್ತು. ಆದರೆ ಅಪ್ಪನ ಸರದಿ ಬಂದಾಗಲೆಲ್ಲ ಮಾತು ನನ್ನದೇ. "ಅಲ್ಲಿಗಲ್ಲ ಅಪ್ಪ, ಕೋಲ್ಕತ್ತಾಗೆ ಹೋಗಿ, ಆ ಕಾರ್ಡ್ ಅಮ್ಮಂಗೆ ಕೊಡಿ." ಅವರು ಹಾಗೇ ಮಾಡ್ತಿದ್ರು. ಆಟ ಮುಗಿದಾಗ ನಾನು ಕುಣಿದೆ. ಅಪ್ಪ "ಗೆದ್ದೆಯಲ್ಲಪ್ಪ, ಒಳ್ಳೇದಾಯ್ತು" ಅಂತ ಪೇಪರ್ ಎತ್ಕೊಂಡ್ರು.

'ಗೆದ್ವಿ' ಅನ್ನಲಿಲ್ಲ. 'ಗೆದ್ದೆ' ಅಂದ್ರು.

ನಾನು ಚಿಕ್ಕವನಿದ್ದಾಗ ಚೌಕಾಬಾರದಲ್ಲಿ ಯಾವ ಕಾಯಿ ನಡೆಸಲಿ ಅಂತ ಐದೈದು ನಿಮಿಷ ಕೂತರೂ ಇದೇ ಅಪ್ಪ ಒಂದು ಮಾತು ಆಡ್ತಿರಲಿಲ್ಲ. ತಪ್ಪು ಕಾಯಿ ನಡೆಸಿದರೂ ಅಷ್ಟೇ.

ಅದಕ್ಕೇ ಈಗ ನನ್ನ ಅಭಿಪ್ರಾಯ ಇಷ್ಟು: ಹೊಸಬರಿಗೆ ಆಟ ಆರಿಸುವಾಗ ಅದು ಎಷ್ಟು ಹೆಸರುವಾಸಿ ಅಂತ ನೋಡಬೇಡಿ, ತೀರ್ಮಾನ ಅವರ ಕೈಯಲ್ಲೇ ಉಳಿಯತ್ತಾ ನೋಡಿ. ಕ್ಲಾಸ್ ಟಾಯ್ಬರ್ ಅವರ 'ಕಟಾನ್' (1995) ನನಗೆ ಇಷ್ಟ, ಆದರೆ ಮೊದಲ ಆಟಕ್ಕೆ ಬೇಡ. ಎರಡು ದಾಳ ಬೀಳುವ 36 ಬಗೆಗಳಲ್ಲಿ 8 ಬರೋದು ಐದರಲ್ಲಿ, 12 ಬರೋದು ಒಂದರಲ್ಲಿ ಮಾತ್ರ. ಇದು ತಿಳಿಯದೆ ಮೊದಲ ಮನೆಗಳನ್ನ ಎಲ್ಲೋ ಇಟ್ಟವರು ಒಂದು ಗಂಟೆ ಬರಿಗೈಲಿ ಕೂರಬೇಕಾಗತ್ತೆ. 'ಕಾರ್ಕಸಾನ್' (2000) ವಾಸಿ: ಒಂದು ಬಿಲ್ಲೆ ಎತ್ತು, ಹೊಂದುವ ಕಡೆ ಇಡು. ಮೊದಲ ಸಲ ರೈತರ ನಿಯಮ ಬಿಟ್ಟುಬಿಡಿ. ಎಲ್ಲಕ್ಕಿಂತ ಮೇಲು ಆಲನ್ ಮೂನ್ ಅವರ 'ಟಿಕೆಟ್ ಟು ರೈಡ್' (2004). ಯಾರು ಯಾವ ಊರಿಂದ ಯಾವ ಊರಿಗೆ ರೈಲುದಾರಿ ಹಾಕಬೇಕು ಅನ್ನೋದು ಅವರವರ ಕೈಯಲ್ಲಿ ಗುಟ್ಟಾಗಿರತ್ತೆ. ನನ್ನಂಥೋರು ಉಪದೇಶ ಮಾಡಕ್ಕೆ ದಾರೀನೇ ಇಲ್ಲ!

ಮರುದಿನ ಅದನ್ನೇ ತೆಗೆದೆ. ಅಪ್ಪ ಅರ್ಧ ಗಂಟೆ ಸುಮ್ಮನಿದ್ದು, ನನಗೆ ಬೇಕಿದ್ದ ದಾರಿಗೇ ತಮ್ಮ ರೈಲು ಜೋಡಿಸಿ, "ಈಗ ಹೇಳಪ್ಪ, ಎಲ್ಲಿಗೆ ಹೋಗ್ಲಿ?" ಅಂದ್ರು.

ಸೋತೆ. ಪ್ಯಾಂಡೆಮಿಕ್ ಇನ್ನೂ ಕಪಾಟಿನಲ್ಲಿದೆ. ಮತ್ತೆ ಆಡಬೇಕು, ಕೇಳದೆ ಬಾಯಿ ಬಿಡಬಾರದು ಅನ್ನೋ ನಿಯಮ ಸೇರಿಸಿಕೊಂಡು. ನಿಮ್ಮನೇಲಿ ಯಾವ ಆಟ? ಉಪದೇಶ ಮಾಡೋರು ಯಾರು? ಬರೀರಿ.